ನೂರು ಸಿಸಿ ಹೊಟ್ಟೆಕಿಚ್ಚು

“ಲೇ ಗಾಳಿ, ಎಲ್ಲಿ ಅದಿಯೋ?”

ಗುಂಡಿಯ ಕಾಜಾ ಹೊಲಿಯುತ್ತಿದ್ದ ಪದ್ಮಾವತಿಯ ಬೆರಳಿಗೆ ಸೂಜಿ ಚುಚ್ಚಿತು. ಪಕ್ಕದ ಗ್ಯಾರೇಜಿನ ಗಾಳೆಪ್ಪನನ್ನು ಹೀಗೆ ಅರ್ಧ ಹೆಸರಿನಲ್ಲಿ ಕೂಗುವ ಹುಡುಗಿ ಇಡೀ ಸಿಂಧನೂರಿನಲ್ಲಿ ಯಾರಿದ್ದಾಳೆ?

ಬಗ್ಗಿ ನೋಡಿದಳು. ಜೀನ್ಸ್ ಪ್ಯಾಂಟು, ಉದ್ದ ಕುರ್ತಾ, ತಲೆಗೆ ಬಿಗಿಯಾಗಿ ಸುತ್ತಿದ ತಿಳಿನೀಲಿ ಸ್ಕಾರ್ಫ್. ಒಂದು ಮುಷ್ಟಿಯಷ್ಟು ಮೈ, ಊರಗಲ ನಗು. ಗಾಡಿಯ ಕೆಳಗೆ ಮಲಗಿದ್ದ ಗಾಳೆಪ್ಪ ಎದ್ದುಬಂದ. ಅವನೂ ನಕ್ಕ. ಆ ನಗುವನ್ನು ಪದ್ಮಾವತಿ ಅಳೆದು ನೋಡಿದಳು. ತನಗೆ ಸಿಗುತ್ತಿದ್ದದ್ದಕ್ಕಿಂತ ಅಗಲವಾಗಿತ್ತು.

ಮಸ್ಕಿ ರಸ್ತೆಯ ಮೇಲೆ ಅವರದು ಅಕ್ಕಪಕ್ಕದ ಅಂಗಡಿ. ಈ ಕಡೆ ಅವ್ವ ಅಮರಮ್ಮನ ಹೊಲಿಗೆ ಅಂಗಡಿ, ಆ ಕಡೆ ಗಾಳೆಪ್ಪನ ಗ್ಯಾರೇಜು, ನಡುವೆ ಒಂದೇ ಗೋಡೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಮಷಿನ್ನಿಗೆ ಕೂತವಳು ಪದ್ಮಾವತಿ. ಬಾಯಿ ಕಡಿಮೆ, ಕಣ್ಣು ಜಾಸ್ತಿ. ಬೆಳಗ್ಗೆ ಶಟರ್ ಎತ್ತುವ ಸದ್ದಿನಲ್ಲೇ ಅವನ ಮನಸ್ಸು ಹೇಗಿದೆ ಎಂದು ಅವಳಿಗೆ ತಿಳಿಯುತ್ತಿತ್ತು.

“ಪದ್ಮಾವತಿ, ಇವರು ಆರ್ಜೂ ಅಂತ, ಮುದಗಲ್‌ದವರು,” ಗಾಳೆಪ್ಪ ಕೈ ಒರೆಸಿಕೊಳ್ಳುತ್ತ ಹೇಳಿದ. “ನಮ್ಮ ಗಾಡಿ ಓಡಸಾಕ ಬಂದಾರ.”

ಲಿಂಗಸುಗೂರಿನ ಹೊರಗೆ, ಇನ್ನೂ ಒಂದು ಮನೆಯೂ ಏಳದ ಹೊಸ ಲೇಔಟಿನ ನೇರ ಡಾಂಬರು ರಸ್ತೆಯಲ್ಲಿ ನೂರು ಸಿಸಿ ಬೈಕುಗಳ ಓಟವಿತ್ತು. ಗಾಳೆಪ್ಪ ಗುಜರಿಗೆ ಹೋಗುತ್ತಿದ್ದ ಹಳೇ ಗಾಡಿಯೊಂದನ್ನು ತಂದು ಅದರ ಹಿಂದೆ ಬಿದ್ದಿದ್ದ. ಮಡ್‌ಗಾರ್ಡ್ ಕಿತ್ತ, ಸೀಟು ಅರ್ಧಕ್ಕೆ ಕತ್ತರಿಸಿದ, ಸ್ಟ್ಯಾಂಡು ಬಿಚ್ಚಿದ, ಉಳಿದ ಪಟ್ಟಿಗಳಿಗೆಲ್ಲ ತೂತು ಕೊರೆದು ಹಗುರ ಮಾಡಿದ. ಇಂಜಿನ್ನಿನ ಹೆಡ್ಡನ್ನು ಲೇತಿಗೆ ಕೊಟ್ಟು ಸವೆಸಿದ. ಇಷ್ಟೆಲ್ಲ ಇಳಿಸಿದರೂ ಇಳಿಯದ ಭಾರವೊಂದಿತ್ತು, ಅವನದೇ ಮೈ. ಆರಡಿ ಆಳು ಕೂತರೆ ಗಾಡಿ ಏದುಸಿರು ಬಿಡುತ್ತಿತ್ತು. ಅದಕ್ಕೇ ಈ ಹಗುರ ಹುಡುಗಿ.

ಆರ್ಜೂ ಬರುವ ಮೊದಲು ಪದ್ಮಾವತಿಗೆ ಒಂದು ಸುಖವಿತ್ತು. ಕಾರ್ಬೊರೇಟರಿನ ಜೆಟ್ಟು ಬದಲಿಸಿದಾಗಲೆಲ್ಲ ಗಾಳೆಪ್ಪ ಪ್ಲಗ್ ಬಿಚ್ಚಿ ತಂದು ಅವಳ ಮೇಜಿನ ಮೇಲಿಡುತ್ತಿದ್ದ. ಪ್ಲಗ್ಗಿನ ಮೂತಿ ಕಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿದೆ, ಬಿಳಿಯಾಗಿದ್ದರೆ ಕಡಿಮೆಯಾಗಿದೆ, ನಡುವಿನ ಕಂದಾಗಿದ್ದರೆ ಸರಿಯಾಗಿದೆ.

“ದಾರದ ಬಣ್ಣ ಹೊಂದಸೋ ಕಣ್ಣು ನಿಮ್ಮದು. ನೋಡಿ ಹೇಳ್ರಿ.”

“ಬೆಲ್ಲದ ಬಣ್ಣ ಆಗೇತ್ರೀ,” ಎನ್ನುತ್ತಿದ್ದಳು ಅವಳು, ಪ್ಲಗ್ ಹಿಡಿದ ಬೆರಳುಗಳನ್ನು ನೋಡುತ್ತ.

ಈಗ ಪ್ಲಗ್ ನೋಡುವವಳು ಆರ್ಜೂ. ಮೊದಲ ದಿನ ‘ಇವರು’ ಆಗಿದ್ದವಳು ವಾರದೊಳಗೆ ‘ಆಕಿ’ ಆಗಿದ್ದಳು. ಪದ್ಮಾವತಿಗೆ ಮಾತ್ರ ವರ್ಷಗಳಿಂದಲೂ ಅದೇ ‘ಬರ್ರಿ, ಹೋಗ್ರಿ’. ಮರ್ಯಾದೆ ಎಂಬುದು ಇಷ್ಟು ಉರಿಯುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ.

ಒಂದು ದಿನ ಗಾಳೆಪ್ಪ ಆರ್ಜೂಳನ್ನು ಅಂಗಡಿಗೇ ಕರೆದುಕೊಂಡು ಬಂದ. ಓಟಕ್ಕೆ ಜಾಕೆಟ್ಟು ಬೇಕಿತ್ತು, ಹೆಗಲಿಗೂ ಮೊಣಕೈಗೂ ಒಳಗೆ ಫೋಮು, ಮೇಲೆ ಗಟ್ಟಿ ರೆಕ್ಸಿನ್.

“ಬೆನ್ನು ಜರಾ ಸಡಿಲ ಬಿಡ್ರಿ. ಆಕಿ ಟ್ಯಾಂಕಿನ ಮ್ಯಾಲ ಬೋರಲ ಮಲಗಿ ಓಡಸ್ಬೇಕು. ಎದ್ದು ಕುಂತ್ರ ಗಾಳಿ ಹಿಡದು ನಿಲ್ಲಸ್ತೈತಿ.”

“ಗಾಳಿ ಹಿಡದ್ರ ನಾ ಬಿಡಿಸ್ಕೊಳ್ಳಲ್ಲ ಬಿಡು,” ಎಂದು ಆರ್ಜೂ ನಕ್ಕಳು.

ಗಾಳೆಪ್ಪನ ಕಿವಿ ಕೆಂಪಾಯಿತು. ಪದ್ಮಾವತಿ ಟೇಪನ್ನು ಆ ಸಣ್ಣ ನಡುವಿಗೆ ಸುತ್ತಿದಳು. ಎರಡು ಸಲ ಅಳೆದಳು. ಎರಡು ಸಲವೂ ಅಷ್ಟೇ ಬಂತು, ದೇವರು ಇಷ್ಟು ಅನ್ಯಾಯ ಮಾಡಬಾರದಿತ್ತು.

“ಇಷ್ಟು ಬಿಗಿ ಹಿಡೀಬ್ಯಾಡ ಬೇ, ಜೀವಾ ಹೋಗ್ತೈತಿ,” ಅಂದಳು ಆರ್ಜೂ.

“ಅಳತಿ ಬರೋಬ್ಬರಿ ಬರ್ಬೇಕಲ್ರೀ,” ಅಂದಳು ಪದ್ಮಾವತಿ, ತಲೆ ಎತ್ತದೆ.

ಅಂದು ಮಧ್ಯಾಹ್ನ ಅವ್ವ ಊಟಕ್ಕೆ ಹೋದಾಗ ಅವಳು ಬೆನ್ನಿನ ಭಾಗವನ್ನು ಮಷಿನ್ನಿಗೆ ಕೊಟ್ಟಳು. ಕೈ ಗೆರೆಯ ಮೇಲೆ ಹೋಗಲಿಲ್ಲ. ಒಂದು ಬೆರಳಿನಷ್ಟು ಒಳಕ್ಕೆ ಸರಿಯಿತು. ತಪ್ಪಿ ಸರಿದದ್ದಲ್ಲ. ಕಣ್ಣು ಬಿಟ್ಟುಕೊಂಡೇ ಇಡೀ ಹೊಲಿಗೆಯನ್ನು ಹಾಗೇ ಹಾಕಿ, ಹಲ್ಲಿನಲ್ಲಿ ದಾರ ಕಡಿದಳು. ನಿಂತರೆ ಚೆಂದ ಕಾಣುವ ಜಾಕೆಟ್ಟು, ಬಗ್ಗಿದರೆ ಬೆನ್ನು ಬಿಡುವುದಿಲ್ಲ. ತೊಟ್ಟು ಗಾಡಿ ಓಡಿಸಿ ನೋಡಲು ಹೊತ್ತು ಸಿಗದಿರಲೆಂದು ಓಟದ ಹಿಂದಿನ ದಿನದವರೆಗೂ ಅದನ್ನು ಕೊಡಲೇ ಇಲ್ಲ.

ಓಟದ ದಿನ ಬೆಳಗ್ಗೆ ಗಾಳೆಪ್ಪ ಅಮರಮ್ಮನನ್ನು ಕೇಳಿದ. “ನೀವಿಬ್ರೂ ಬರ್ರಿ ಅಮರಮ್ಮಾರ. ಅಲ್ಲಿ ಏನರ ಹರದ್ರ ಹೊಲ್ಯಾಕ ಯಾರ ಅದಾರ?”

ಗಾಡಿಯನ್ನು ಹಗ್ಗದಲ್ಲಿ ಬಿಗಿದ ಮೂರು ಗಾಲಿಯ ಟಂಟಂನಲ್ಲಿ ತಾಯಿ ಮಗಳು ಮುಂದೆ ಕೂತರು. ಗಾಳೆಪ್ಪ ಹಿಂದೆ ಗಾಡಿ ಹಿಡಿದು ನಿಂತ. ಮಸ್ಕಿ ದಾಟುವವರೆಗೂ ಪದ್ಮಾವತಿ ಸೈಡ್ ಕನ್ನಡಿಯಲ್ಲಿ ಅವನನ್ನೇ ನೋಡಿದಳು. ಅವನು ಗಾಡಿಯನ್ನು ನೋಡುತ್ತಿದ್ದ. ಲಿಂಗಸುಗೂರಿನಲ್ಲಿ ಕಾಯುತ್ತಿದ್ದ ಆರ್ಜೂ ಟಂಟಂ ನಿಲ್ಲುವ ಮೊದಲೇ ಹಾರಿ ಹತ್ತಿ, ಅವನ ಹೆಗಲಿಗೆ ಗುದ್ದಿದಳು. ಪದ್ಮಾವತಿ ಕನ್ನಡಿಯಿಂದ ಕಣ್ಣು ತೆಗೆದಳು.

ಮೊದಲ ಸುತ್ತಿನಲ್ಲಿ ಸಿಂಧನೂರಿನ ಗಾಡಿ ಬಾಣದಂತೆ ಹೊರಟಿತು. ಆದರೆ ಅರ್ಧ ದಾರಿಯಲ್ಲಿ ಆರ್ಜೂ ಟ್ಯಾಂಕಿಗೆ ಬಗ್ಗಲು ಹೋಗಿ, ಆಗದೆ, ಮತ್ತೆ ಎದ್ದು ಕೂತಳು. ಗಾಡಿ ಎರಡು ಸಲ ಓಲಾಡಿತು. ಕೂದಲೆಳೆಯಲ್ಲಿ ಫೈನಲ್‌ಗೆ ಬಂತು.

“ಸ್ಪೀಡು ಮ್ಯಾಲ ಹೋದಂಗ ದಮ್ಮು ಕಟ್ಟಾಕತ್ತೈತಿ,” ಗಾಳೆಪ್ಪ ನೆಲಕ್ಕೆ ಕೂತು ಕಾರ್ಬೊರೇಟರಿಗೆ ಕೈ ಹಾಕಿದ. “ಜೆಟ್ಟು ತಪ್ಪೈತಿ. ಹೆಡ್ಡೇ ಹೆಚ್ಚು ಸವಿಸಿದೆನೋ ಏನೋ. ನನ್ನ ಕೈಯಾಗ ಏನೂ ಇಲ್ಲ ಬಿಡು.”

ಅವನ ಮುಖ ನೋಡಿ ಪದ್ಮಾವತಿಯ ಹೊಟ್ಟೆಯೊಳಗಿನ ಕಿಚ್ಚು ತಣ್ಣಗೆ ಬೂದಿಯಾಯಿತು. ಆ ಹುಡುಗಿ ಸೋಲಲಿ ಎಂದುಕೊಂಡಿದ್ದಳು. ಸೋಲುತ್ತಿದ್ದವನು ಇವನು. ಗಾಡಿ ಓಲಾಡಿದಾಗ ಬೀಳಬಹುದಾಗಿದ್ದವಳು ಆರ್ಜೂ.

ಆರ್ಜೂಳ ಕೈ ಹಿಡಿದು ಟಂಟಂನ ಮರೆಗೆ ಎಳೆದಳು. “ಜಾಕೆಟ್ಟು ತಗೀರಿ. ಜಲ್ದಿ.”

ಬ್ಲೇಡಿನಿಂದ ಬೆನ್ನಿನ ಹೊಲಿಗೆ ಸರ್ರನೆ ಬಿಚ್ಚಿದಳು. ಒಳಗೆ ಮಡಚಿದ್ದ ಬಟ್ಟೆ ಹೊರಬಂತು. ಆರ್ಜೂ ಆ ಬಟ್ಟೆಯನ್ನೂ ಅವಳನ್ನೂ ನೋಡಿದಳು.

“ಇದು ಮರ್ತು ಬಿಟ್ಟಿದ್ದಲ್ಲ.”

“ಅಲ್ರೀ. ಬೇಕಂತ ಮಾಡೀನಿ.” ಮಡಿಕೆ ಬಿಟ್ಟು ಹೊಸ ಗೆರೆಯ ಮೇಲೆ ಸೂಜಿ ಓಡಿಸಿದಳು.

“ಹುಚ್ಚಿ! ಬಿದ್ದಿದ್ರ ನನ್ನ ಗತಿ? ಅವ ನಿನ್ನವ ಅಂತ ಬಾಯಿಲೆ ಹೇಳಾಕ ಏನಾಗಿತ್ತು ನಿನಗ?”

ಪದ್ಮಾವತಿಯ ಕಣ್ಣು ತುಂಬಿತು. ಆರ್ಜೂ ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತುತ್ತ ಆಚೆ ನೋಡಿದಳು.

“ಸುಳ್ಳು ಯಾಕ ಹೇಳ್ಲಿ, ನನಗೂ ಅವ ಛಲೋ ಅನಿಸಿದ್ದ. ಆದ್ರ ಏನ್ ಹೇಳಿದ್ರೂ ಗೋಡಿ ಕಡೆ ನೋಡ್ತಾನವಾ. ಒಂದಿನ ಕೇಳೇಬಿಟ್ಟೆ, ‘ಏನೋ, ಗೋಡಿಗೆ ಲವ್ ಮಾಡಿಯೇನು?’ ಅಂತ. ಹೂಂ ಅಂದ.” ಜಾಕೆಟ್ಟನ್ನು ಕಸಿದುಕೊಂಡು ತೊಟ್ಟಳು. “ಹೊಟ್ಟಿಕಿಚ್ಚು ನನಗೂ ಆಗೇತಿ ಪದ್ಮಾ. ನಾ ಏನ್ ನಿನ್ನ ಮಷಿನ್ನಿನ ಬೆಲ್ಟು ಕಡದೀನೇನು?”

ಅಳುವಿನ ನಡುವೆ ಪದ್ಮಾವತಿಗೆ ನಗು ಬಂತು.

ಆರ್ಜೂ ಓಟ ಶುರುವಾಗುವ ಗೆರೆಗೆ ಹೋದಳು. ಗಾಡಿ ಹಿಡಿಯಲು ಗಾಳೆಪ್ಪನೂ ಹೋದ. ಪದ್ಮಾವತಿ ಶಾಮಿಯಾನದ ಅಂಚಿಗೆ ಅವ್ವನ ಪಕ್ಕ ನಿಂತಳು. ಅಲ್ಲಿ ಮೈಕು ಹಿಡಿದಿದ್ದ ಹನುಮಂತು ಎಂಬ ಹಿರಿಯ ಒಂದೊಂದೇ ಗಾಡಿಯ ಹೆಸರು ಸಾರುತ್ತಿದ್ದ.

“ಸಿಂಧನೂರಿನ ಗಾಡಿ! ಓಡಸೋರು ಆರ್ಜೂ, ಮುದಗಲ್. ರೆಡಿ ಮಾಡಿದ ಮೇಸ್ತ್ರಿ ಯಾರು? ಏ ತಂಗಿ, ನೀವು ಆ ಗಾಡಿ ಜೋಡಿ ಬಂದವ್ರಲ್ಲ? ಹೆಸರು ಹೇಳ್ರಿ.”

ಮೈಕು ಅವಳ ಬಾಯಿ ಮುಂದೆ ಬಂತು.

“ಅವರು...”

“ಅವರು ಅಂದ್ರ ಯಾರವ್ವಾ?”

ಅವಳು ಬೆಳೆದದ್ದು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ಹೆಂಗಸರ ನಡುವೆ. ಬ್ಯಾಂಕಿನವರು ಕೇಳಿದರೂ ಅವ್ವ ಪಕ್ಕದವರ ಕಡೆ ತಿರುಗಿ ‘ನೀನ ಹೇಳ’ ಎನ್ನುತ್ತಿದ್ದಳು. ಮದುವೆಯಾಗದ ಹುಡುಗಿಗೆ ಆ ಕಟ್ಟುಪಾಡು ಇಲ್ಲ ಎಂಬುದು ಆ ಗಳಿಗೆಯಲ್ಲಿ ಪದ್ಮಾವತಿಯ ತಲೆಗೆ ಹೊಳೆಯಲೇ ಇಲ್ಲ. ಕೈ ಎತ್ತಿ ಮುಖದ ಮುಂದೆ ಆಡಿಸಿದಳು.

“ಅದು... ಬೀಸ್ತೈತಲ್ರೀ, ಅದು.”

“ಬೀಸ್ತೈತಿ? ಬೀಸಣಿಗಿ?”

ಜನ ಹೋ ಎಂದು ನಕ್ಕರು.

“ಬೀಸಣಿಗಿ ಅಲ್ರೀ. ಬೀಸಣಿಗಿಲೆ ಬರ್ತೈತಲ್ಲ...”

“ಗಾಳಿ! ಗಾಳೆಪ್ಪ!” ಹನುಮಂತು ತೊಡೆ ತಟ್ಟಿಕೊಂಡ. “ಮನಿಯವ್ರ ಹೆಸರು ಹೇಳಾಕ ಎಷ್ಟು ನಾಚಿಕಿ ನೋಡ್ರಪಾ! ಗಾಡಿ ರೆಡಿ ಮಾಡಿದವ್ರು ಗಾಳೆಪ್ಪ, ಈ ತಂಗಿಯ ಯಜಮಾನ್ರು!”

ಕಂಬಕ್ಕೆ ಕಟ್ಟಿದ ಸ್ಪೀಕರುಗಳು ಆ ಮಾತನ್ನು ರಸ್ತೆಯುದ್ದಕ್ಕೂ ಒಯ್ದವು. ದೂರದ ಗೆರೆಯ ಬಳಿ ಗಾಳೆಪ್ಪ ನಿಂತಲ್ಲೇ ತಿರುಗಿದ. ಆರ್ಜೂ ಹೆಲ್ಮೆಟ್ಟಿನೊಳಗೇ ನಗುತ್ತಿದ್ದಳೆಂದು ಅವಳ ಅಲುಗುವ ಹೆಗಲೇ ಹೇಳುತ್ತಿತ್ತು.

“ಏನ್ ಮಾಡಿದಿ ಬೇ?” ಅಮರಮ್ಮ ಮಗಳ ತೋಳು ಚಿವುಟಿದಳು. “ನಿಮ್ಮಪ್ಪನ ಹೆಸರು ನಾ ಹೇಳಂಗಿಲ್ಲ. ನಿನಗೇನ್ ಬಂದಿತ್ತು ಧಾಡಿ?”

ಅಮರಮ್ಮ ಮಗಳ ಮುಖವನ್ನು ನೋಡಿದಳು, ದೂರದಲ್ಲಿ ಕಲ್ಲಿನಂತೆ ನಿಂತಿದ್ದ ಹುಡುಗನನ್ನು ನೋಡಿದಳು. ತೋಳು ಹಿಡಿದಿದ್ದ ಕೈ ನಿಧಾನಕ್ಕೆ ಸಡಿಲಾಯಿತು.

ಬಾವುಟ ಬಿತ್ತು. ಈ ಸಲ ಆರ್ಜೂ ಟ್ಯಾಂಕಿಗೆ ಅಂಟಿಕೊಂಡು ಮಲಗಿದಳು. ಬೆನ್ನಿನ ಬಟ್ಟೆ ಮಾತು ಕೇಳಿತು. ಇಂಜಿನ್ನಿನ ಕೂಗು ಎಲ್ಲೂ ಒಡೆಯದೆ ಕೊನೆಯವರೆಗೂ ಏರಿತು. ಮಸ್ಕಿಯ ಗಾಡಿ ಅರ್ಧ ಗಾಲಿಯಷ್ಟು ಮುಂದೆ ದಾಟಿತು. ಸಿಂಧನೂರು ಎರಡನೇದು. ಆರ್ಜೂ ಮೊದಲು ಬಂದವಳಂತೆ ಎರಡೂ ಕೈ ಎತ್ತಿ ಕೂಗಿದಳು.

ಜನ ಅವಳ ಕಡೆ ಓಡಿದಾಗ ಗಾಳೆಪ್ಪ ಟಂಟಂ ಹತ್ತಿರ ಬಂದ. ಪದ್ಮಾವತಿ ದಾರದ ಉಂಡೆಯನ್ನು ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು.

“ಹನುಮಂತಣ್ಣ ಮೈಕಿನ್ಯಾಗ ತಪ್ಪು ಹೇಳ್ಯಾನ,” ಅಂದ ಅವನು. “ಹೋಗಿ ಸರಿ ಮಾಡಸ್ಲೇನು?”

ಅವಳು ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ.”

ಅವನು ಉಸಿರು ಬಿಟ್ಟ. ಆಗ ಅವಳು ಅವಸರವಾಗಿ, ಧೈರ್ಯ ತೀರುವ ಮೊದಲೇ ಹೇಳಿಬಿಟ್ಟಳು. “ಮೊದಲನೇ ಸುತ್ತಿನ್ಯಾಗ ತಪ್ಪು ಇಂಜಿನ್ನಿಂದಲ್ರೀ. ಜಾಕೆಟ್ಟು ನಾನ ಬಿಗಿ ಮಾಡಿದ್ದೆ.”

“ಆರ್ಜೂ ಗೆರಿ ಹತ್ರನ ಹೇಳಿದಳು. ನಾ ಇಲ್ಲಿ ಜೆಟ್ಟು ಬಿಚ್ಚಿ ಸಾಯಾಕತ್ತೀನಿ, ನೀ ನೋಡಿದ್ರ...” ಸಿಟ್ಟು ಮಾಡಲು ನೋಡಿದ, ಆಗಲಿಲ್ಲ. “ಪಾಪ, ಆಕಿ ಬಿದ್ದಿದ್ರ?”

“ಇನ್ನೊಮ್ಮೆ ಮಾಡಂಗಿಲ್ರೀ. ಕ್ಷಮಾ ಕೇಳ್ತೀನಿ.”

“ಹೊಟ್ಟಿಕಿಚ್ಚು ನಿನಗ ಒಬ್ಬಾಕಿಗೇ ಅಂತ ತಿಳದಿಯೇನು?” ಅವನ ಧ್ವನಿ ತಗ್ಗಿತು. “ಕಾಲೇಜು ಹುಡುಗ್ರು ನಿನ್ನ ಹತ್ರ ಪ್ಯಾಂಟು ಬಿಗಿ ಮಾಡಸಾಕ ಬರ್ತಾರಲ್ಲ, ಟೇಪು ಕೊರಳಿಗೆ ಹಾಕ್ಕೊಂಡು ನೀ ಅಳತಿ ತಗೋತಿ. ಆಗೆಲ್ಲ ಗೋಡಿ ಈಚಿ ನಾ ಸುಮ್ಮಸುಮ್ಮನ ಆಕ್ಸಿಲೇಟರ್ ತಿರುವಿ ಗಾಡಿಗೆ ರೇಸ್ ಕೊಡ್ತಿದ್ದೆ. ಅವ್ರ ಮಾತು ನಿನಗ ಕೇಳಬಾರ್ದು ಅಂತ.”

ಪದ್ಮಾವತಿ ಮೊದಲ ಬಾರಿಗೆ ಅವನ ಮುಖವನ್ನು ನೇರವಾಗಿ ನೋಡಿದಳು. ಅವನ ಕಣ್ಣಿನ ಕೆಳಗೆ ಒಂದು ಸಣ್ಣ ಮಚ್ಚೆ ಇತ್ತು. ಕದ್ದು ನೋಡುವ ಕಣ್ಣಿಗೆ ಅದು ಇಷ್ಟು ದಿನ ಸಿಕ್ಕೇ ಇರಲಿಲ್ಲ.

“ಏನಪಾ ಗಾಳೆಪ್ಪಾ,” ಶಾಮಿಯಾನದಿಂದ ಅಮರಮ್ಮ ಕೂಗಿದಳು. “ಊರ ಮಂದಿಗೆಲ್ಲ ಗೊತ್ತಾತು. ಇನ್ನ ನಿಮ್ಮವ್ವಗ ನೀನ ಹೇಳ್ತಿಯೋ, ಇಲ್ಲಾ ಮೈಕಿನ್ಯಾಗ ಹೇಳಸ್ಲೋ?”

“ನಾನ ಹೇಳ್ತೀನಿ ಅಮರಮ್ಮಾರ!” ಎಂದು ಕೂಗಿ, ಮತ್ತೆ ಇವಳ ಕಡೆ ತಿರುಗಿದ. “ಆ ಹುಡುಗ್ರ ಅಳತಿ ಇನ್ನ ಮುಂದ ಯಾರು ತಗೋತಾರ?”

“ನಾನ ತಗೋತೀನಿ,” ಅಂದಳು ಪದ್ಮಾವತಿ. ತುಟಿಯ ಅಂಚಿನಲ್ಲಿ ನಗು ಅಡಗುತ್ತಿರಲಿಲ್ಲ. “ನೀವು ರೇಸ್ ಕೊಡ್ರಿ.”