ಕಾಲು ಹೇಳಲಾರದ ಮಾತು

ವಿದ್ಯಾಗಿರಿಯ ಕಾಲೇಜಿನ ಹಿಂದಿನ ಹಾಳು ಟೆನಿಸ್ ಕೋರ್ಟಿನಲ್ಲಿ ಬೆಳಬೆಳಗ್ಗೆ ಧಡ್ ಧಡ್ ಸದ್ದು ಮಾಡುವವನನ್ನು ಬೈದು ಬರಲೆಂದೇ ಶೈಲಾ ಹೋಗಿದ್ದಳು. ಎಂಎಸ್ಸಿ ಪರೀಕ್ಷೆ ಹತ್ತಿರ ಬಂದಿತ್ತು, ಓದು ತಲೆಗೆ ಹತ್ತುತ್ತಿರಲಿಲ್ಲ. ನೋಡಿದರೆ ಅದೇ ಕಾಲೇಜಿನ ಲ್ಯಾಬ್ ಅಸಿಸ್ಟೆಂಟ್ ಯುವರಾಜ, ಸ್ಕೇಟ್‌ಬೋರ್ಡಿನಿಂದ ಬಿದ್ದು ಅಂಗಾತ ಮಲಗಿ ನಗುತ್ತಿದ್ದ. ಬಿದ್ದವನು ಹೀಗೂ ನಗಬಹುದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಬೈಗುಳ ಗಂಟಲಲ್ಲೇ ಉಳಿಯಿತು. ನನಗೂ ಕಲಿಸ್ತೀರೇನ್ರಿ ಅಂದುಬಿಟ್ಟಳು.

ಅಲ್ಲಿಗೆ ಮುಗಿಯಿತು ನೋಡಿ ಅವಳ ಓದು.

ಮೊದಲು ಬೀಳುವುದನ್ನು ಕಲಿಸಿದ. ಅಂಗೈ ಊರಿದರೆ ಮಣಿಕಟ್ಟು ಮುರಿಯುತ್ತದೆ, ಭುಜದ ಮೇಲೆ ಉರುಳಬೇಕು. ಆಮೇಲೆ ಓಲಿ, ಅಂದರೆ ಕೈ ಹಚ್ಚದೆ ಬೋರ್ಡಿನ ಸಮೇತ ನೆಗೆಯುವ ಪಟ್ಟು. ಹಿಂದಿನ ಪಾದದಿಂದ ಬೋರ್ಡಿನ ಬಾಲವನ್ನು ಪಟ್ಟನೆ ನೆಲಕ್ಕೆ ಬಡಿಯಬೇಕು. ಅದೇ ಉಸಿರಿಗೆ ಮುಂದಿನ ಬೂಟಿನ ಅಂಚು ಬೋರ್ಡನ್ನು ಉಜ್ಜುತ್ತ ಮೇಲೇರಬೇಕು, ಮೊಣಕಾಲು ಎದೆಗೆ ಬರಬೇಕು. ಇಳಿಯುವಾಗ ಎರಡೂ ಪಾದ ಗಾಲಿ ಬಿಗಿದ ನಟ್ಟುಗಳ ಮೇಲೆ. ಹೇಳುವುದು ಸುಲಭ. ಶೈಲಾ ಎಷ್ಟು ಚೆಂದ ನೆಗೆದರೂ ಕೊನೆ ಗಳಿಗೆಗೆ ಹೆದರಿ ಒಂದು ಕಾಲನ್ನು ನೆಲಕ್ಕೆ ಊರಿಬಿಡುತ್ತಿದ್ದಳು.

"ಕಾಲ ನೋಡಬ್ಯಾಡ, ಮುಂದ ನೋಡು," ಅನ್ನುತ್ತಿದ್ದ ಯುವರಾಜ.

"ಮುಂದ ನೀನ ನಿಂತಿಯಲ್ಲ, ಹೆಂಗ ನೋಡ್ಲಿ?"

ಅವನ ಕಿವಿಗಳು ಕೆಂಪಾಗುತ್ತಿದ್ದವು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ನೆಪದಲ್ಲಿ ಗದ್ದಕ್ಕೆ ತಾಗಿದ ಬೆರಳು ಅಲ್ಲೇ ತುಸು ಹೊತ್ತು ತಡೆಯುತ್ತಿತ್ತು. ಅವಳು ಕಣ್ಣೆತ್ತಿದರೆ ಅವನು ಇಳಿಸುತ್ತಿದ್ದ, ಅವನು ಎತ್ತಿದರೆ ಅವಳು. ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಬಿಡುವುದಾದರೂ ಹೇಗೆ? ಯುವರಾಜ ಬೇರೆ ಜಾತಿಯವನು. ಶೈಲಾಳ ಅಪ್ಪ ಅಂದಪ್ಪನಿಗೆ ಬೀಜ-ಗೊಬ್ಬರದ ಅಂಗಡಿ. ಬಸವ ಜಯಂತಿಯ ವೇದಿಕೆಯಲ್ಲಿ ಜಾತಿ ಇಲ್ಲವೆಂದು ಗಂಟಲು ಹರಿಯುವಂತೆ ಭಾಷಣ ಮಾಡುವ ಮನುಷ್ಯ, ಮಗಳಿಗೆ ಗಂಡು ಹುಡುಕುವಾಗ ಒಳಪಂಗಡವನ್ನೂ ಬಿಡದೆ ಕೇಳುತ್ತಿದ್ದ.

ಹುನಗುಂದದಿಂದ ಸಂತೋಷಕುಮಾರನೆಂಬ ವರನ ಕಡೆಯವರು ನೋಡಲು ಬರುತ್ತಾರೆಂದು ಗೊತ್ತಾಯಿತು. ತಾಯಿಯಿಲ್ಲದ ತನ್ನನ್ನು ಎತ್ತಿ ಬೆಳೆಸಿದ ಅಪ್ಪನೆದುರು ಬೇಡ ಅನ್ನುವ ಧೈರ್ಯ ಶೈಲಾಳಿಗಿರಲಿಲ್ಲ. ಯುವರಾಜನಿಗೂ ಹೇಳಲಿಲ್ಲ. ಅವರು ಬರುವ ಮುನ್ನಾದಿನ ಕೋರ್ಟಿನಲ್ಲಿ ನೆಗೆದು ಇಳಿಯುವಾಗ ಮತ್ತೆ ಅದೇ ತಪ್ಪು. ಒಂದು ಕಾಲು ನೆಲದ ಮೇಲೆ, ಇನ್ನೊಂದು ಬೋರ್ಡಿನ ಮೇಲೆ. ಬೋರ್ಡು ಓಡಿತು, ಕಾಲು ಉಳುಕಿತು.

ಆ ನೋವಿನಲ್ಲೂ ಅವಳಿಗೆ ಹೋದ ಜೀವ ಬಂದಂತಾಯಿತು. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಪಡಸಾಲೆಯಲ್ಲಿ ನಡೆಸಿ ನೋಡುವ ಪದ್ಧತಿ ಇನ್ನೂ ಇದೆ. ಕುಂಟಿ ತೋರಿಸಿದರೆ ಅವರೇ ಎದ್ದು ಹೋಗುತ್ತಾರೆ, ತಾನು ಯಾರಿಗೂ ಎದುರಾಡಬೇಕಿಲ್ಲ. ಯುವರಾಜ ಬ್ಯಾಂಡೇಜ್ ಸುತ್ತಲು ಬಂದರೆ ಬೇಡವೆಂದಳು.

ಮರುದಿನ ಇದ್ದ ನೋವಿಗೆ ಇಲ್ಲದ್ದನ್ನೂ ಸೇರಿಸಿ ಕುಂಟಿದಳು. ಅಂದಪ್ಪನ ಮುಖ ಕಪ್ಪಿಟ್ಟಿತು. ವರನ ತಾಯಿ ಗುರುಲಿಂಗವ್ವ ಎದ್ದು ನಿಂತಳು. ಗೆದ್ದೆ ಅಂದುಕೊಂಡಳು ಶೈಲಾ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಗುರುಲಿಂಗವ್ವ ಬಾಗಿಲಿನ ಕಡೆ ಹೋಗಲಿಲ್ಲ. ಹುಡುಗಿಯನ್ನು ಕೂರಿಸಿ, ತಾನೂ ನೆಲಕ್ಕೆ ಕೂತು, ಅವಳ ಪಾದವನ್ನು ತನ್ನ ಇಳಕಲ್ ಸೀರೆಯ ಮಡಿಲಿಗೆ ಎಳೆದುಕೊಂಡಳು. ಅರಿಷಿಣ-ಸುಣ್ಣ ಕಲಸಿ ತರಲು ಹೇಳಿದಳು.

"ಇಷ್ಟು ಬಾತೈತಿ. ಇಂಥಾ ಕಾಲ ಇಟಗೊಂಡು ನಮಗಂತ ನಡದು ತೋರಿಸಿದಿ ಏನವ್ವಾ? ನಮ್ಮನಿಗೆ ಬಾ. ಅಲ್ಲಿ ಯಾರೂ ನಿನ್ನ ನಡಿ ಅನ್ನೂದಿಲ್ಲ."

ಅವ್ವ ಸತ್ತ ಮೇಲೆ ಆ ಪಾದವನ್ನು ಹಾಗೆ ಹಿಡಿದವರಿಲ್ಲ. ಅಂದಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡ. ಬೇಡ ಅನ್ನಲು ಒಂದೇ ಒಂದು ಮಾತು ಸಾಕಿತ್ತು, ಆ ಮಾತಿಗೆ ಶೈಲಾಳ ನಾಲಿಗೆ ಹೊರಳಲಿಲ್ಲ. ಸಂಬಂಧ ಗಟ್ಟಿಯಾಯಿತೆಂದು ಗುರುಲಿಂಗವ್ವ ಅವಳ ಬಾಯಿಗೆ ಸಕ್ಕರೆ ಹಾಕಿದಳು. ಶೈಲಾ ನುಂಗಿದಳು.

ಮರುದಿನ ಬೆಳಗ್ಗೆ ಕೋರ್ಟಿನ ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಯುವರಾಜನಿಗೆ ಹೇಳಿದಳು. ಅವನು ಬೋರ್ಡಿನ ಗಾಲಿಯನ್ನು ಹೆಬ್ಬೆರಳಿನಿಂದ ತಿರುಗಿಸುತ್ತ ಕೇಳಿದ. ಅದು ನಿಂತಾಗ ಮತ್ತೆ ತಿರುಗಿಸಿದ.

"ಬಾಯಿ ಆಡೂ ಮಾತ ಕಾಲಿಗೆ ಹಚ್ಚಿದಿ, ಶೈಲಾ," ಅಂದ ಕಡೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. "ನಾನರ ಏನ್ ಹೇಳಿದೆ? ದಿನಾ ಹೆಲ್ಮೆಟ್ ಬಿಗದು ಕಳಿಸಿದೆ, ಅಷ್ಟ."

"ಈಗ ಹೇಳ್ತೇನಿ ಕೇಳು."

"ಬ್ಯಾಡ. ಸಕ್ಕರಿ ತಿಂದ ಬಾಯಿಲೆ ಹೇಳಬ್ಯಾಡ. ಕೇಳಿದ್ರ ನಾ ಉಳಿಯೂದಿಲ್ಲ."

"ಮತ್ತ ಯಾರ ಬಾಯಿಲೆ ಹೇಳ್ಲಿ? ನನಗಿರೂದು ಇದೊಂದ," ಅಂದಳು. ಹೇಳಿಯೂ ಬಿಟ್ಟಳು. ಅಪ್ಪನ ಮುಂದೆ, ಆ ತಾಯಿಯ ಮುಂದೆ ಹೊರಡದ ಮಾತು, ಕೇಳಿಯೂ ಏನೂ ಮಾಡಲಾಗದವನ ಮುಂದೆ ಒಂದಕ್ಷರವೂ ತಡವರಿಸದೆ ಬಂತು. ನಿನ್ನ ಬಿಟ್ಟು ನನಗ ಯಾರೂ ಬ್ಯಾಡ ಅಂದಳು. ಯುವರಾಜ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಬಿಸಿಲೇರಿದ ಮೇಲೆ ತೋಳು ಹಿಡಿದು ಅವಳನ್ನು ಗೇಟಿನ ತನಕ ನಡೆಸಿಕೊಂಡು ಬಂದ. ಅಲ್ಲಿ ರಸ್ತೆ, ರಸ್ತೆಯಲ್ಲಿ ಪರಿಚಯದ ಜನ. ಅವನು ತೋಳು ಬಿಟ್ಟ, ಅವಳು ಒಬ್ಬಳೇ ಕುಂಟುತ್ತ ಮನೆಗೆ ಹೋದಳು.