ತಿರುವಿನ ಶಿಲುಬೆಯ ಸ್ಟೇರಿಂಗ್

"ಅದನ್ನ ಮುಟ್ಟಬೇಡ ಮಗಾ" ಎಂದು ಲುಗಾರ್ದ ಅಜ್ಜಿ ಎರಡು ಸಲ ಹೇಳಿದಳು. ಕರ್ಟ್ ಎರಡು ಸಲವೂ ನಕ್ಕ.

ಅವನ ಕೈಯಲ್ಲಿ ತಂತಿ ಕತ್ತರಿಸುವ ಕಟಿಂಗ್ ಪ್ಲೈಯರ್ ಇತ್ತು. ಎದುರಿಗೆ, ರಸ್ತೆ ತಿರುವಿನ ಕೆಮ್ಮಣ್ಣು ದಿಬ್ಬದ ಮೇಲೆ, ಬಿಸಿಲಿಗೆ ಬೆಳ್ಳಗಾದ ಮರದ ಶಿಲುಬೆ. ಶಿಲುಬೆಗೆ ತಂತಿ ಸುತ್ತಿ ಬಿಗಿದ ಹಳೆಯ ಕಾರಿನ ಸ್ಟೇರಿಂಗ್. ನ್ಯೂ ಮೆಕ್ಸಿಕೋದ ನಮ್ಮ ಕಣಿವೆಯಲ್ಲಿ ಯಾರಾದರೂ ರಸ್ತೆಯಲ್ಲಿ ಸತ್ತರೆ ಸತ್ತ ಜಾಗದಲ್ಲೇ ಶಿಲುಬೆ ನೆಡುತ್ತೇವೆ, ಆ ವಾಹನದ್ದೇ ಒಂದು ಸಾಮಾನನ್ನು ಅದಕ್ಕೆ ಕಟ್ಟುತ್ತೇವೆ. ರಸ್ತೆ ಅಗಲ ಮಾಡಲು ಬರುವವರು ಕೂಡ ಅದನ್ನು ಮುಟ್ಟದೆ ಸುತ್ತುಹಾಕಿ ಹೋಗುತ್ತಾರೆ. ಕರ್ಟ್ ದೂರದ ಉತ್ತರದ ಮಿನೆಸೋಟಾದವನು. ಇಲ್ಲಿಯ ಹೆಣ್ಣನ್ನು ಮದುವೆಯಾಗಿ ಎಂಟು ವರ್ಷವಾದ ಮೇಲೂ ಅದು ಅವನ ಕಣ್ಣಿಗೆ ಗುಜರಿಯಾಗಿಯೇ ಕಂಡಿತು ಎಂದರೆ ಏನು ಹೇಳೋಣ!

"ಯಾರೂ ಬಳಸ್ತಿಲ್ವಲ್ಲ ಅಜ್ಜಿ. ಮೂರು ವರ್ಷದಿಂದ ಹುಡುಕ್ತಿದೀನಿ, ಐವತ್ತೊಂದನೇ ಇಸವಿ ಮಾಡೆಲ್‌ದು ಎಲ್ಲೂ ಸಿಗ್ತಿಲ್ಲ."

ಅಜ್ಜಿ ಪ್ಲಾಸ್ಟಿಕ್ ಹೂ ಬದಲಿಸಲು ಬಂದವಳು, ಹಳೆಯ ಹೂಗಳನ್ನು ಎದೆಗೊತ್ತಿಕೊಂಡು ನಿಂತಿದ್ದಳು. "ನನ್ನ ಮಗ ರುಬೆನ್ ಇದನ್ನ ಹಿಡ್ಕೊಂಡೇ ಸತ್ತ. ಯಾವನೋ ಹಿಂದಿನಿಂದ ಗುದ್ದಿ, ಹಳ್ಳಕ್ಕೆ ನೂಕಿ, ಓಡಿಹೋದ. ಯಾರು ಅಂತ ಇಪ್ಪತ್ತೊಂಬತ್ತು ವರ್ಷ ಆದ್ರೂ ಗೊತ್ತಾಗ್ಲಿಲ್ಲ. ಅದಕ್ಕೇ ಬೆಟ್ಟದಾಚೆ ಹೋಗಿ ಮಾಟ ಮಾಡಿಸ್ದೆ. ಇದು ಆ ಗುದ್ದಿದ ಕಾರಿಗೆ ಸೇರಿದ ದಿನ ಅದರವರ ಮನೇದೊಂದು ಜೀವ ತಗೋಬೇಕು ಅಂತ. ಆಮೇಲೆ ನನಗೇ ಹೆದರಿಕೆ ಆಯ್ತು. ತೆಗೆಸೋಕೆ ಹೋದ್ರೆ ಆಗಲ್ಲ ಅಂದ್ರು. ದಾರ ಸುತ್ತಿ ಕಟ್ಟಿಹಾಕಿದೀನಿ, ನೋಡು."

ನಿಜ. ಸ್ಟೇರಿಂಗಿನ ಒಂದು ಕಡ್ಡಿಗೆ ಕಪ್ಪು ದಾರವನ್ನು ಒತ್ತೊತ್ತಾಗಿ ಸುತ್ತಲಾಗಿತ್ತು. ಅದರ ನಡುವೆ ಹೆಬ್ಬೆರಳಿನಷ್ಟು ದಪ್ಪದ ಬಟ್ಟೆಚೀಲ.

"ಹಾಗಾದ್ರೆ ನನಗೇನೂ ಆಗಲ್ಲ ಬಿಡು. ನಾನು ಆಗ ಇಲ್ಲಿರಲೇ ಇಲ್ಲ" ಎಂದ ಕರ್ಟ್. "ಇದು ನಮ್ಮ ಮಾವನ ಕಾರಿಗೆ. ಸೆಲೆಡಾನ್ ಅವರದ್ದು."

ಅಜ್ಜಿಯ ಕೈಯಿಂದ ಒಂದು ಹೂ ಬಿತ್ತು.

"ಆ ಕಾರು ಇನ್ನೂ ಇದೆಯಾ? ನಿನ್ನ ಮಾವ ಚಿಮಯೋ ಗುಡೀಲಿ ನನ್ನೆದುರಿಗೇ ಆಣೆ ಮಾಡಿದ್ದ. ಆ ವಾರ ಅದು ಶೆಡ್ಡಿಂದ ಹೊರಗೇ ಬಂದಿಲ್ಲ ಅಂತ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಬಲಗಡೆ ಮುಂದಿನ ಮಡ್‌ಗಾರ್ಡು. ಉಜ್ಜಿದ್ಯಾ?"

"ಉಜ್ಜಿದೆ. ತಗ್ಗು ಮುಚ್ಚೋಕೆ ಮೆತ್ತಿದ್ದ ಪುಟ್ಟಿ ಒಂದು ಬೊಗಸೆ ಬಂತು."

"ಪುಟ್ಟಿ ಕೆಳಗೆ ಯಾವ ಬಣ್ಣ ಇತ್ತು?"

"ಹಸಿರು ಗೀರು. ಯಾಕೆ?"

ರುಬೆನ್‌ನ ಕಾರು ಹಸಿರು. ಕಣಿವೆಯಲ್ಲಿ ಅದು ಎಲ್ಲರಿಗೂ ಗೊತ್ತು, ಕರ್ಟ್‌ಗೆ ಬಿಟ್ಟು. ಅಜ್ಜಿ ಕೆಳಗೆ ಬಿದ್ದ ಹೂವನ್ನು ಎತ್ತಿಕೊಂಡಳು. ಗಾಳಿಗೆ ಒಣ ಜೂನಿಪರ್ ಗಿಡಗಳು ಕರಕರ ಎಂದವು. ಕೊನೆಗೆ ಅವಳೇ ಬಗ್ಗಿ ತಂತಿಯ ಗಂಟು ಎಲ್ಲಿದೆಯೆಂದು ತೋರಿಸಿದಳು.

"ಹಾಗಿದ್ರೆ ತಗೊಂಡು ಹೋಗು ಮಗಾ" ಎಂದಳು.

ಮುದುಕಿಯನ್ನು ಒಪ್ಪಿಸಿಬಿಟ್ಟೆ ಎಂದು ಕರ್ಟ್ ಶಿಳ್ಳೆ ಹಾಕುತ್ತ ಮನೆಗೆ ಬಂದ.

ಅವನು ಕೆಟ್ಟವನಲ್ಲ, ಅದನ್ನು ಹೇಳಲೇಬೇಕು. ಮಾವನಿಗೆ ಅಳಿಯನೆಂದರೆ ಅಷ್ಟಕ್ಕಷ್ಟೇ. ಕೆಂಪು ಕೂದಲಿನ ಅಳಿಯನನ್ನು ಹೆಸರಿಟ್ಟು ಕರೆದವನೇ ಅಲ್ಲ, "ಏ ಕೆಂಪಾ, ಉಪ್ಪು ಕೊಡು" ಎನ್ನುವುದೇ ಮಾತು. ಶೆಡ್ಡಿನಲ್ಲಿ ತಾಡಪಾಲು ಹೊದ್ದು, ಸ್ಟೇರಿಂಗೇ ಇಲ್ಲದೆ ಬಿದ್ದಿದ್ದ ಆ ಕಾರನ್ನು ಓಡಿಸಿ ತೋರಿಸಿದರೆ ಮುದುಕ ಒಮ್ಮೆಯಾದರೂ ಬೆನ್ನು ತಟ್ಟಿಯಾನು ಎಂಬ ಆಸೆ. ಗುಡ್‌ಫ್ರೈಡೇ ದಿನ ಸೆಲೆಡಾನ್ ಮೊಮ್ಮಗಳು ಡೆಲ್ಫಿಯ ಕೈ ಹಿಡಿದು ಊರವರ ಜತೆ ಚಿಮಯೋ ಗುಡಿಯವರೆಗೆ ಯಾತ್ರೆ ನಡೆದು ಹೋಗುತ್ತಾನೆ. ಮೂರು-ನಾಲ್ಕು ವರ್ಷದಿಂದ ಅವನ ಮಂಡಿ ಬಾತಿದೆ. ಅರ್ಧದಾರಿಯಲ್ಲಿ ಅವನದೇ ಕಾರು ಮುಂದೆ ಬಂದು ನಿಂತರೆ? ಕರ್ಟ್ ಇದನ್ನೇ ನೆನೆದು, ಶೆಡ್ಡಿನ ಕಡೆ ಎಂದೂ ಸುಳಿಯದ ಮಾವನಿಗೆ ತಿಳಿಯದ ಹಾಗೆ, ಮೂರು ಚಳಿಗಾಲ ಅಲ್ಲೇ ಕಳೆದಿದ್ದ.

ಹೆಂಡತಿ ಎಲೋಯ್ಸ ಸ್ಟೇರಿಂಗ್ ನೋಡಿದವಳೇ ಬಾಗಿಲಲ್ಲೇ ನಿಂತುಬಿಟ್ಟಳು.

"ಎಲ್ಲಿಂದ ತಂದೆ?"

"ತಿರುವಿನಿಂದ. ಅಜ್ಜಿನೇ ಕೊಟ್ಲು."

"ವಾಪಸ್ ಇಟ್ಟು ಬಾ ಕರ್ಟ್. ಈಗಲೇ."

"ಕಬ್ಬಿಣ ಕಣೇ ಇದು. ಕಬ್ಬಿಣ, ಅದರ ಮೇಲೊಂದಿಷ್ಟು ದಾರ."

"ನಿನ್ನ ಕಾಲು ಹಿಡ್ಕೋತೀನಿ. ಅದನ್ನ ಕೂರಿಸಬೇಡ."

"ಮಾವನಿಗೆ ಹೇಳಿ ಹಾಳು ಮಾಡಬೇಡ ಮತ್ತೆ. ಅವರು ಖುಷಿಪಡಲಿ ಅಂತ ಮಾಡ್ತಿರೋದು" ಎಂದು ಅವನು ಬ್ಲೇಡಿನಿಂದ ದಾರ ಸರಸರ ಕತ್ತರಿಸಿದ. ಚೀಲ ನೆಲಕ್ಕೆ ಬಿತ್ತು. ಅದರೊಳಗಿಂದ ಒಂದು ತುಕ್ಕು ಮೊಳೆ ಉರುಳಿತು, ಜತೆಗೆ ಕೆನೆಬಣ್ಣದ ಪೇಂಟಿನ ಒಂದು ಚಕ್ಕೆ. ಮಾವನ ಕಾರಿನ ಮೊದಲಿನ ಬಣ್ಣವೂ ಅದೇ. ಆ ಕಾಲಕ್ಕೆ ಎಲ್ಲ ಕಾರೂ ಇದೇ ಬಣ್ಣ ಇದ್ದಿರಬೇಕು ಎಂದುಕೊಂಡು ಕರ್ಟ್ ಅದನ್ನು ಗುಡಿಸಿ ಕಸಕ್ಕೆ ಹಾಕಿದ. ಎಲೋಯ್ಸ ಅಪ್ಪನಿಗೆ ಹೇಳಲಿಲ್ಲ. ಹೇಳಬೇಕಿತ್ತು ಎಂದು ಅವಳು ಆಮೇಲೆ ಹಗಲೂ ರಾತ್ರಿ ಅತ್ತಳು.

ಗುಡ್‌ಫ್ರೈಡೇ. ಹನ್ನೊಂದು ಗಂಟೆಯ ಬಿಸಿಲು. ಕಾರು ಇನ್ನೂ ಅರ್ಧವೇ ಸಿದ್ಧವಾಗಿತ್ತು. ಮೈತುಂಬ ಪೇಂಟಿಗೆ ಮುಂಚೆ ಬಳಿಯುವ ಬೂದುಬಣ್ಣದ ಪ್ರೈಮರ್, ಒಂದೇ ಸೀಟು, ಪಕ್ಕದಲ್ಲಿ ಸೀಟಿನ ಬದಲು ಸೇಬಿನ ಪೆಟ್ಟಿಗೆ. ಹಾರನ್ನಿಗೆ ವೈರನ್ನೇ ಎಳೆದಿರಲಿಲ್ಲ. ಬ್ರೇಕು ಮಾತ್ರ ಹೊಸದು, ಹತ್ತು ಸಲ ನೋಡಿದ್ದ. ಚಾವಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಹದವಾಗಿ ಗುರುಗುಟ್ಟತೊಡಗಿತು. ಬಿಸಿ ಎಣ್ಣೆ, ಪೆಟ್ರೋಲು, ಇಪ್ಪತ್ತೊಂಬತ್ತು ವರ್ಷದ ಧೂಳು, ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದಾಗ ಕರ್ಟ್‌ಗೆ ಸಂತೋಷದಿಂದ ಕಣ್ಣು ತುಂಬಿತು.

ರಸ್ತೆಯ ಬಲಬದಿಯಲ್ಲಿ ಜನ ಸಾಲಾಗಿ ನಡೆಯುತ್ತಿದ್ದರು. ಹೆಗಲ ಮೇಲೆ ಮರದ ಶಿಲುಬೆ ಹೊತ್ತವರು, ಬರಿಗಾಲಿನವರು, ಕಂಕುಳಲ್ಲಿ ಮಗು ಇಟ್ಟುಕೊಂಡವರು. ಕೆಲವರು ಕಾರು ನೋಡಿ ಕೈಬೀಸಿದರು. ಒಬ್ಬ ಮುದುಕ ಮಾತ್ರ ಕಾರನ್ನು ನೋಡಿ, ಕರ್ಟ್‌ನ ಕೈಗಳನ್ನು ನೋಡಿ, ಟೊಪ್ಪಿ ತೆಗೆದು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡ.

ಎರಡು ಮೈಲಿ ದಾಟಿದ ಮೇಲೆ ನಾಲ್ಕನೆಯ ವಾಸನೆ ಬಂತು. ಗಂಡಸರು ತಲೆಗೆ ಹಚ್ಚುವ ಪರಿಮಳದ ಎಣ್ಣೆಯದು. ಕರ್ಟ್ ತಲೆಗೆ ಏನೂ ಹಚ್ಚುವವನಲ್ಲ. ಕಿಟಕಿಯ ಗಾಜು ಇಳಿಸಿದ. ಗಾಳಿ ನುಗ್ಗಿತು. ವಾಸನೆ ಇನ್ನೂ ಹತ್ತಿರವಾಯಿತು, ಕಿವಿಯ ಪಕ್ಕದಲ್ಲೇ ಯಾರೋ ಬಗ್ಗಿ ಕೂತಿದ್ದಾರೆ ಎನ್ನುವಷ್ಟು. ಸೇಬಿನ ಪೆಟ್ಟಿಗೆ ಕಿರ್ರೆಂದಿತು. ಅದರ ಮೇಲೆ ಯಾರೂ ಇರಲಿಲ್ಲ.

ಸ್ಟೇರಿಂಗ್ ತಣ್ಣಗಾಗುತ್ತಿತ್ತು. ಆ ಉರಿಬಿಸಿಲಿನಲ್ಲಿ ಅದು ಹಳ್ಳದ ನೀರಿನ ಹಾಗೆ ಕೊರೆಯುತ್ತಿತ್ತು. ಕೈ ಬದಲಿಸೋಣವೆಂದು ಬಲಗೈ ಎತ್ತಲು ನೋಡಿದ. ಕೈ ಏಳಲಿಲ್ಲ. ಎಡಗೈ ಎಳೆದ. ಅದೂ ಏಳಲಿಲ್ಲ. ಅವನ ಬೆರಳುಗಳ ಮೇಲೆ ಇನ್ನಾರದೋ ಬೆರಳುಗಳು ಇದ್ದವು. ಕಾಣುತ್ತಿರಲಿಲ್ಲ. ಒತ್ತುತ್ತಿದ್ದವು. ಉಗುರಿನ ಬುಡ ಬೆಳ್ಳಗಾಗುವಷ್ಟು ಒತ್ತುತ್ತಿದ್ದವು.

"ಬಿಡು" ಎಂದ ಕರ್ಟ್. ಯಾರಿಗೆ ಹೇಳಿದೆನೆಂದು ಅವನಿಗೇ ತಿಳಿಯಲಿಲ್ಲ.

ತಿರುವು ಕಂಡಿತು. ಮೇಲೆ ದಿಬ್ಬ, ಬೋಳು ಶಿಲುಬೆ. ಶಿಲುಬೆಯ ಪಕ್ಕದಲ್ಲಿ ಲುಗಾರ್ದ ಅಜ್ಜಿ. ಅವಳ ಕೆಳಗೆ ರಸ್ತೆಬದಿಯಲ್ಲಿ ಕುಂಟುತ್ತ ಬರುತ್ತಿದ್ದ ಸೆಲೆಡಾನ್. ಅವನಿಗಿಂತ ನಾಲ್ಕು ಹೆಜ್ಜೆ ಮುಂದೆ ಹಳದಿ ಫ್ರಾಕಿನ ಡೆಲ್ಫಿ. ಏಳು ವರ್ಷದ ಮಗಳು. ಅಪ್ಪನನ್ನು ಗುರುತಿಸಿ ಎರಡೂ ಕೈ ಎತ್ತಿ ಕುಣಿದಳು.

ಸ್ಟೇರಿಂಗ್ ಬಲಕ್ಕೆ ತಿರುಗಿತು.

ಕರ್ಟ್ ಎಡಕ್ಕೆ ಎಳೆದ. ಭುಜದ ಕೀಲು ಚಟ್ಟೆಂದಿತು. ಸ್ಟೇರಿಂಗ್ ಬಲಕ್ಕೇ ಹೋಯಿತು. ಬ್ರೇಕ್ ಒತ್ತಿದ. ಹಿಡಿಯಿತು. ಟೈರು ಚೀರಿತು, ರಬ್ಬರ್ ಸುಟ್ಟ ಹೊಗೆ ಎದ್ದಿತು. ಕಾರು ನಿಲ್ಲಲಿಲ್ಲ. "ಡೆಲ್ಫೀ!" ಎಂದು ಕೂಗಿದ. ಕೂಗು ಕೇಳಿಸಲಿಲ್ಲ. ಏಕೆಂದರೆ ಹಾರನ್ ಮೊಳಗುತ್ತಿತ್ತು. ವೈರೇ ಇಲ್ಲದ ಹಾರನ್. ಉದ್ದಕ್ಕೆ, ಒಂದೇ ಸಮನೆ, ಉಸಿರು ಬಿಡದೆ. ಹಳದಿ ಫ್ರಾಕು ದೊಡ್ಡದಾಯಿತು. ಇನ್ನೂ ದೊಡ್ಡದಾಯಿತು.

ಸೆಲೆಡಾನ್ ತಲೆಯೆತ್ತಿದ. ತನ್ನ ಕಾರು ಕಂಡ. ಅದರ ಸ್ಟೇರಿಂಗ್ ಕಂಡ. ಆ ಬಾತ ಮಂಡಿಯಲ್ಲಿ ಮುದುಕ ಹೇಗೆ ಓಡಿದನೋ ದೇವರಿಗೇ ಗೊತ್ತು. ಮೊಮ್ಮಗಳನ್ನು ಚರಂಡಿಗೆ ತಳ್ಳಿದ. ತಾನು ಅವಳಿದ್ದಲ್ಲಿ ನಿಂತ. ಎರಡೂ ತೋಳು ಚಾಚಿ ನಿಂತ.

ಸದ್ದು ದೊಡ್ಡದೇನಲ್ಲ. ಗೋಣಿಚೀಲ ನೆಲಕ್ಕೆ ಹಾಕಿದಷ್ಟೇ.

ಹಾರನ್ ನಿಂತಿತು. ಎಂಜಿನ್ ನಿಂತಿತು. ಕರ್ಟ್‌ನ ಕೈಗಳು ತಾವಾಗಿಯೇ ತೊಡೆಯ ಮೇಲೆ ಬಿದ್ದವು. ಅವನು ಇಳಿದು ಓಡಿ ಮಾವನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡ. ಸೆಲೆಡಾನ್‌ನ ಕಣ್ಣು ಅಳಿಯನ ಮೇಲಿರಲಿಲ್ಲ, ದಿಬ್ಬದ ಮೇಲಿತ್ತು.

"ಲುಗಾರ್ದಗೆ ಹೇಳು" ಎಂದ. ಬಾಯಿಂದ ರಕ್ತ ಬಂತು. "ಆ ವಾರ... ಕಾರು ಹೊರಗೆ ಬಂದಿತ್ತು ಅಂತ ಹೇಳು."

ಹೇಳುವ ಅಗತ್ಯವಿರಲಿಲ್ಲ. ಅವಳು ದಿಬ್ಬ ಇಳಿದು ಬಂದು ಕೇಳಿಸಿಕೊಂಡಿದ್ದಳು. ಇಷ್ಟು ವರ್ಷ ಕಾದದ್ದು ಸಿಕ್ಕಿದವಳ ಮುಖದಲ್ಲಿ ನೆಮ್ಮದಿ ಕಾಣಬೇಕಿತ್ತು. ಕಾಣಲಿಲ್ಲ. ಚರಂಡಿಯಲ್ಲಿ ಮಂಡಿ ತರಚಿಕೊಂಡು ಅಳುತ್ತಿದ್ದ ಡೆಲ್ಫಿಯನ್ನು ಅವಳೇ ಎತ್ತಿಕೊಂಡಳು.

ಪೊಲೀಸರು ಅಪಘಾತವೆಂದು ಬರೆದುಕೊಂಡು ಹೋದರು. ಮಣ್ಣಾಯಿತು. ಮನೆ ತುಂಬ ನೆಂಟರು ಬಂದರು, ಬೀನ್ಸು, ಹಸಿ ಮೆಣಸಿನ ಸಾರು ತಂದಿಟ್ಟು ಹೋದರು. ಯಾರೂ ಕರ್ಟ್‌ನನ್ನು ಬೈಯಲಿಲ್ಲ. ಎಲೋಯ್ಸ ಕೂಡ. ಅವಳು ಅವನೊಡನೆ ಆಡಿದ್ದು ಒಂದೇ ಮಾತು. "ಕಾಲು ಹಿಡ್ಕೋತೀನಿ ಅಂದಿದ್ದೆ. ನೀನು ಕೇಳಲಿಲ್ಲ."

ಹತ್ತನೆಯ ದಿನ ತಿರುವಿನಲ್ಲಿ ಎರಡನೆಯ ಶಿಲುಬೆ ನೆಡಬೇಕಿತ್ತು. ಅದಕ್ಕೆ ಕಾರಿನ ಸಾಮಾನೊಂದನ್ನು ಕಟ್ಟಬೇಕಿತ್ತು. ಕರ್ಟ್‌ಗೆ ಶೆಡ್ಡಿನ ಬಾಗಿಲು ತೆಗೆಯಲೂ ಧೈರ್ಯವಿರಲಿಲ್ಲ. ಎಲೋಯ್ಸಳೇ ಸ್ಪ್ಯಾನರ್ ಹಿಡಿದು ಹೋಗಿ ಸ್ಟೇರಿಂಗ್ ಬಿಚ್ಚಿ ತಂದಳು.

ಸಂಜೆ ಅವನು ಅಡುಗೆಮನೆಗೆ ನೀರು ಕುಡಿಯಲು ಬಂದಾಗ ಮೇಜಿನ ಮುಂದೆ ಇಬ್ಬರು ಕೂತಿದ್ದರು. ಎಲೋಯ್ಸ, ಪಕ್ಕದಲ್ಲಿ ಲುಗಾರ್ದ ಅಜ್ಜಿ. ಅಜ್ಜಿ ತಲೆ ತಗ್ಗಿಸಿ ಕಣ್ಣೀರು ಸುರಿಸುತ್ತ "ಬೇಡ ಮಗಳೇ, ಬೇಡ. ಮಾಟ ಹಾಕಿದ್ಮೇಲೆ ತೆಗೆಯೋಕೆ ಬರಲ್ಲ" ಎನ್ನುತ್ತಿದ್ದಳು. ಎಲೋಯ್ಸ ಕೇಳುತ್ತಿರಲಿಲ್ಲ. ಸ್ಟೇರಿಂಗಿನ ಕಡ್ಡಿಗೆ ಕಪ್ಪು ದಾರ ಸುತ್ತುತ್ತಿದ್ದಳು, ಒತ್ತೊತ್ತಾಗಿ, ಸಾವಧಾನವಾಗಿ. ದಾರದ ನಡುವೆ ಪುಟ್ಟ ಹೊಸ ಚೀಲ, ಅದರ ಬಾಯಿ ಇನ್ನೂ ಹೊಲಿದಿರಲಿಲ್ಲ.

ಕರ್ಟ್ ಲೋಟ ಹಿಡಿದು ನಿಂತ. ಚೀಲದ ಬಾಯಿಂದ ಒಂದು ಎಳೆ ಕೂದಲು ಹೊರಗೆ ಇಣುಕುತ್ತಿತ್ತು. ಕೆಂಪು ಕೂದಲು. ಇಡೀ ಕಣಿವೆಯಲ್ಲಿ ಕೆಂಪು ಕೂದಲಿನವನು ಅವನೊಬ್ಬನೇ.