ಕುರಿಹಟ್ಟಿಯಲ್ಲಿ ತಪ್ಪಿದ ಗುಳಿಗೆ

ಕೊಡಲಿ ನನ್ನ ಕಿವಿಯ ಪಕ್ಕದಲ್ಲೇ ಹಾದು ಜಾಲಿಮರಕ್ಕೆ ಕಚ್ಚಿಕೊಂಡಿತು!

ಬಗ್ಗದಿದ್ದರೆ ಇವತ್ತು ನಿಮಗೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ.

"ಹಣಮೇಶ! ನಿಲ್ಲಲೇ!"

ನಿಲ್ಲುವ ಆಸಾಮಿಯೇ ಅಲ್ಲ. ಕುರಿಗಳ ನಡುವೆ ನುಗ್ಗಿ ಮರೋಳದ ಕಾಲುವೆಯತ್ತ ಓಟ ಕಿತ್ತ. ಹಟ್ಟಿಯ ನಾಯಿ ನನ್ನ ಪ್ಯಾಂಟು ಹಿಡಿಯಿತು. ಕೊಡವಿಕೊಂಡು ಓಡಿದೆ.

ನಾನು ಖಾಸಿಂಸಾಬ. ಇಳಕಲ್ಲಿನವನು. ಪೊಲೀಸ್ ಕೆಲಸ ಬಿಟ್ಟವನು... ಈಗ ಔಷಧ ಪರೀಕ್ಷೆಯ ಗುಳಿಗೆ ಲೆಕ್ಕ ಕಾಯುವವನು. ನಗಬೇಡಿ!

ಕುರಿಯ ಉಣ್ಣಿ ಕಚ್ಚಿ ಬರುವ ಜ್ವರ ನಮ್ಮಲ್ಲಿ ಹಬ್ಬಿತ್ತು. ಹೊಸ ಔಷಧದ ಟ್ರಯಲ್ ಅಂದರೆ ಯಾವಾಗಲೂ ದೂರದ ದೊಡ್ಡ ಊರಲ್ಲೇ. ಔಷಧ ಇಲ್ಲಿಗೆ ಬರುವಷ್ಟರಲ್ಲಿ ಜ್ವರ ತನ್ನ ಪಾಲು ತಿಂದು ಹೋಗಿರುತ್ತಿತ್ತು. ಈ ಸಲ ಬಾಗಲಕೋಟೆಯ ಡಾಕ್ಟರ್ ಗೀತಾಂಜಲಿ ಹಟ ಹಿಡಿದರು. ಟ್ರಯಲ್ ಇಲ್ಲೇ! ನಮ್ಮ ನರ್ಸು, ನಮ್ಮ ಲ್ಯಾಬು, ನಮ್ಮ ಮಂದಿ. ಚೀಟಿ ಎತ್ತುವುದು ಮಾತ್ರ ಕಂಪ್ಯೂಟರು. ಕೆಲವರಿಗೆ ಹೊಸ ಗುಳಿಗೆ, ಉಳಿದವರಿಗೆ ಮಾಮೂಲಿ ಚಿಕಿತ್ಸೆ. ಹಗುರ ಜ್ವರದವರು ಮನೆಯಲ್ಲೇ ನುಂಗಬೇಕು.

ಮರೋಳದ ಹಟ್ಟಿಯಲ್ಲಿ ಅಣ್ಣ-ತಮ್ಮ ಇಬ್ಬರೂ ಜ್ವರ ಬಂದು ಮಲಗಿದರು. ಅಣ್ಣ ಮುತ್ತಪ್ಪನಿಗೆ ಹೊಸ ಗುಳಿಗೆ ಬಂತು. ತಮ್ಮ ಹಣಮೇಶನಿಗೆ ಮಾಮೂಲಿ.

ಕಂಪ್ಯೂಟರಿಗೆ ಅಣ್ಣ-ತಮ್ಮ ಗೊತ್ತಿಲ್ಲ.

ಕೊಡಲಿ ಹಾರಿದ ದಿನ ಬೆಳಿಗ್ಗೆ ಮುತ್ತಪ್ಪನನ್ನು ಹುನಗುಂದದ ದವಾಖಾನೆಗೆ ಹೊತ್ತು ತಂದರು. ಅಲ್ಲಿಂದಲೇ ಡಾಕ್ಟರ್ ಫೋನ್ ಮಾಡಿದರು.

"ಖಾಸಿಂಸಾಬ್ರ, ಗುಳಿಗಿ ಲೆಕ್ಕ ಬರೋಬ್ಬರಿ ಐತಿ. ರಕ್ತದಾಗ ಔಷಧ ಭಾಳ ಕಡಿಮಿ! ಅಂವ ಖರೇನ ಎಷ್ಟ ನುಂಗ್ಯಾನ ಗೊತ್ತಾಗಬೇಕು."

"ಮತ್ತಷ್ಟ ಕೊಡ್ರೆಲ್ಲ ಮೇಡಂ."

"ಎಲ್ಲಾ ನುಂಗಿ ಅದು ಇನ್ನೂ ಹೊಟ್ಟ್ಯಾಗ ಕರಗದ ಕುಂತಿದ್ರ, ಮ್ಯಾಲ ಕೊಟ್ಟಿದ್ದು ಅಂವನ್ನ ಕೊಲ್ಲತೈತಿ! ನುಂಗಿಲ್ಲಂದ್ರ, ಕೊಡದ ಸಾಯ್ತಾನ. ಲಗೂ ಮಾಡ್ರಿ!"

ನನ್ನ ಪೊಲೀಸ್ ಮೂಗಿಗೆ ಬಡಿದದ್ದು ಒಂದೇ ವಾಸನೆ. ಕಳ್ಳತನ! ತಮ್ಮ ಗುಳಿಗೆ ಮಾರಿ, ಅಣ್ಣನ ಬಾಯಿಗೆ ಇನ್ನೇನೋ ಹಾಕಿದ್ದಾನೆ.

ಕಾಲುವೆ ದಂಡೆಯಲ್ಲಿ ಹಾರಿ ಕೆಡವಿದೆ. ಕುತ್ತಿಗೆ ಹಿಡಿದೆ. ಕೈ ಸುಟ್ಟಿತು... ಮೈಯೆಲ್ಲ ಜ್ವರ!

"ಯಾರಿಗೆ ಮಾರೀದಿ? ಬೊಗಳು!"

"ಮಾರಿಲ್ರೀ! ಬೀರಪ್ಪ ದೇವರ ಆಣಿ!"

"ಮತ್ಯಾಕ ಕೊಡಲಿ ಎಸದಿ?"

"ಅವ್ವನ್ನ ಹಿಡಕೊಂಡ ಹೋಗಾಕ ಬಂದೀರಂತ..."

ಅವನ ಅವ್ವ ಬೋರವ್ವ ಏದುಸಿರು ಬಿಡುತ್ತ ಬಂದಳು.

"ಅಂವನ್ನ ಬಿಡ್ರೀ ಯಪ್ಪಾ! ನಾನ ಮಾಡೇನಿ. ಬೀರಪ್ಪನ ಅರಿಶಿಣ ಭಂಡಾರ ಮುಟ್ಟಿಸಿ, ಗುಳಿಗಿ ಮುರದು ಇಬ್ಬರಿಗೂ ಅರ್ಧರ್ಧ ಕೊಟ್ಟೇನಿ."

"ಒಬ್ಬಗಷ್ಟ ಅಂತ ಹೇಳಿದ್ವೆಲ್ಲ!"

"ಒಂದ ರೊಟ್ಟಿ ಇದ್ರೂ ಹರದು ಇಬ್ಬರಿಗೂ ಕೊಟ್ಟ ಬೆಳಸೇನಿ. ಒಬ್ಬಗ ಔಷಧ ಕೊಟ್ಟು ಇನ್ನೊಬ್ಬನ ಮಾರಿ ಹೆಂಗ ನೋಡ್ಲಿ?"

ಎಂಥೆಂಥ ಕಳ್ಳರ ಬಾಯಿ ಬಿಡಿಸಿದವನು ನಾನು. ಅವತ್ತು ಹಣಮೇಶನ ಕುತ್ತಿಗೆಯಿಂದ ಕೈ ತೆಗೆದೆ. ಈ ತಾಯಿಗೆ ಯಾವ ಸೆಕ್ಷನ್ ಹಾಕಲಿ, ನೀವೇ ಹೇಳಿ?

ಫೋನ್ ಒತ್ತಿದೆ.

"ಮೇಡಂ! ಅರ್ಧ ಅಷ್ಟ ನುಂಗ್ಯಾನ! ಕೊಡ್ರಿ, ಲಗೂ ಕೊಡ್ರಿ!"

ಆ ಕಡೆ ಯಾರೋ ಪರದೆ ಎಳೆದ ಸದ್ದು.

"ಮೇಡಂ?"

"ಈಗಷ್ಟ ಹೋದಾ, ಖಾಸಿಂಸಾಬ್ರ..."

ಹಣಮೇಶನನ್ನು ಬೈಕಿನ ನಡುವೆ ಕೂರಿಸಿಕೊಂಡು ಹುನಗುಂದಕ್ಕೆ ಹೊಡೆದೆ. ಹಿಂದೆ ಬೋರವ್ವ. ಅವಳಿಗೆ ಹೇಳಲು ಧೈರ್ಯ ಬರಲಿಲ್ಲ. ದಾರಿಯುದ್ದಕ್ಕೂ ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ವಾರ್ಡಿನ ಬಾಗಿಲಲ್ಲಿ ಸುದ್ದಿ ಕೇಳಿ ಆಕೆ ಡಾಕ್ಟರ ಕೈ ಹಿಡಿದಳು.

"ಪೂರಾ ಕೊಟ್ಟಿದ್ರ ಉಳೀತಿದ್ನೇನ್ರೀ ಅಕ್ಕಾರ?"

"ಗೊತ್ತಿಲ್ಲವ್ವಾ... ಅದನ್ನ ತಿಳಕೊಳ್ಳಾಕನ ಇದೆಲ್ಲಾ."

ಬೋರವ್ವ ಅಲ್ಲೇ ಕುಸಿದಳು. ಡಾಕ್ಟರೂ ಪಕ್ಕದಲ್ಲಿ ನೆಲದ ಮೇಲೇ ಕುಳಿತು ಅತ್ತರು.

ಹಣಮೇಶ ಬದುಕಿದ. ಅರ್ಧ ಗುಳಿಗೆಯಿಂದಲೋ, ಮಾಮೂಲಿ ಚಿಕಿತ್ಸೆಯಿಂದಲೋ... ಯಾರೂ ಹೇಳಲಾರರು.

ಡಾಕ್ಟರು ಮೇಲಿನವರ ಜೊತೆ ಜಗಳಾಡಿ ನಿಯಮ ತಿದ್ದಿಸಿದರು. ಇನ್ನು ತಲೆಗೊಂದು ಚೀಟಿ ಇಲ್ಲ, ಮನೆಗೊಂದು ಚೀಟಿ. ಹೊಸ ಗುಳಿಗೆ ಬಂದರೆ ಮನೆಯ ಎಲ್ಲರಿಗೂ, ಬಾರದಿದ್ದರೆ ಯಾರಿಗೂ ಇಲ್ಲ. ಬಾದಾಮಿ ಕಡೆಯ ಹಟ್ಟಿಗಳಲ್ಲಿ ಈಗ ಟ್ರಯಲ್ ಚೆನ್ನಾಗಿ ನಡೆದಿದೆ.

ಬೋರವ್ವನ ಮನೆಗೆ ಮಾತ್ರ ಆ ನಿಯಮ ಬೇಕಿಲ್ಲ. ಅಲ್ಲಿ ಹಂಚಿಕೊಳ್ಳಲು ಇನ್ನೊಬ್ಬನಿಲ್ಲ!